ನಾಲ್ಕನೇ ಪ್ರೆಸ್ಸಿಗೆ ಕೊಟ್ಟ ಎರಡಕ್ಷರ

೧೯೮೬ರಲ್ಲಿ ನಾನು ಹುಬ್ಬಳ್ಳಿಯ ಒಂದು ಖಾಸಗಿ ತಾಂತ್ರಿಕ ಸಲಹಾ ಕಚೇರಿಯಲ್ಲಿ ಸಿಸ್ಟಮ್ಸ್ ಎಂಜಿನಿಯರ್ ಆಗಿದ್ದೆ. ಕಾರ್ಖಾನೆಗಳು ಕೊಂಡ ಕಂಪ್ಯೂಟರುಗಳನ್ನು ಪರೀಕ್ಷಿಸಿ 'ಬಳಕೆಗೆ ಯೋಗ್ಯ' ಎಂಬ ಪತ್ರಕ್ಕೆ ಸಹಿ ಹಾಕುವುದು ನನ್ನ ಕೆಲಸ. ಆ ಕಾಲಕ್ಕೆ ನಮ್ಮ ಭಾಗದಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವರೇ ಕಡಿಮೆ. ಹೀಗಾಗಿ ನಾನು ಸಹಿ ಹಾಕಿದ್ದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಪ್ರಶ್ನಿಸಬೇಕಿತ್ತು ಎಂದು ನನಗೆ ತಿಳಿದದ್ದು ಆ ವರ್ಷದ ಅಕ್ಟೋಬರಿನಲ್ಲಿ.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯ ಬದಿಗೆ ಆಗ ಒಂದು ಪ್ಲೈವುಡ್ ಕಾರ್ಖಾನೆ ಇತ್ತು. ಈಗ ಇಲ್ಲ, ಹೆಸರೂ ಬೇಡ. ಅಲ್ಲಿ ನಾಲ್ಕು ಹಾಟ್ ಪ್ರೆಸ್‌ಗಳಿದ್ದವು. ಹಾಟ್ ಪ್ರೆಸ್ ಎಂದರೆ ಒಂದರ ಮೇಲೊಂದು ಜೋಡಿಸಿದ ದಪ್ಪ ಉಕ್ಕಿನ ತಟ್ಟೆಗಳು. ಹಬೆಯಿಂದ ಅವು ನೂರ ನಲವತ್ತು ಡಿಗ್ರಿಯವರೆಗೆ ಕಾಯುತ್ತವೆ. ಅಂಟು ಬಳಿದ ಮರದ ಪದರಗಳನ್ನು ನಡುವೆ ಇಟ್ಟರೆ, ಎಣ್ಣೆಯ ಒತ್ತಡ ತಟ್ಟೆಗಳನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಮುಚ್ಚುತ್ತದೆ. ಪೂರ್ತಿ ಮುಚ್ಚಲು ಹನ್ನೊಂದು ಸೆಕೆಂಡು ಸಾಕು. ಒತ್ತಡ ಬಿಟ್ಟರೆ ತಟ್ಟೆಗಳು ತಮ್ಮ ಭಾರಕ್ಕೆ ತಾವೇ ಕೆಳಗಿಳಿಯುತ್ತವೆ. ಈ ನಾಲ್ಕನ್ನೂ ಒಂದು ಮಿನಿ ಕಂಪ್ಯೂಟರ್ ನಡೆಸುತ್ತಿತ್ತು. ಪ್ರೆಸ್‌ಗಳ ಮಗ್ಗುಲಿಗೆ, ಎಂಟು ಮೆಟ್ಟಿಲು ಮೇಲೆ, ಕಂಟ್ರೋಲ್ ರೂಮ್. ಅಲ್ಲಿ ಎರಡು ಟರ್ಮಿನಲ್‌, ಅಂದರೆ ಕೀಲಿಮಣೆ ಇರುವ ಎರಡು ಪರದೆ. ಅಲ್ಲಿಂದ ಮೂರನೇ ಪ್ರೆಸ್ ಕಾಣುತ್ತಿತ್ತು. ನಾಲ್ಕನೆಯದು ಕಂಬದ ಮರೆಗಿತ್ತು.

ಕಂಪ್ಯೂಟರಿನ ಒಳಗೊಬ್ಬ ಕಾರಭಾರಿ ಇರುತ್ತಾನೆ, ಅವನ ಹೆಸರು ಆಪರೇಟಿಂಗ್ ಸಿಸ್ಟಮ್. ನಾವು ಕೀಲಿಮಣೆಯಲ್ಲಿ ಹೊಡೆದ ಆಜ್ಞೆಯನ್ನು ಓದಿ, ಅರ್ಥ ಮಾಡಿಕೊಂಡು, ಯಂತ್ರಕ್ಕೆ ಮುಟ್ಟಿಸುವವನು ಅವನೇ. ಇಂದಿನ ಹಾಗೆ ಚಿತ್ರಗಳಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಎಲ್ಲವೂ ಇಂಗ್ಲಿಷಿನಲ್ಲಿ. ಸೆಪ್ಟೆಂಬರ್ ಕೊನೆಯಲ್ಲಿ ತಯಾರಕರು ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಕಳಿಸಿದರು. ನಾನು ಎರಡು ದಿನ ಕೂತು ಅದರ ವೇಗ ಅಳೆದೆ, ಮೆಮೊರಿ ಅಳೆದೆ, ಕೈಪಿಡಿಯಲ್ಲಿದ್ದ ಆಜ್ಞೆಗಳನ್ನೆಲ್ಲ ಒಂದೊಂದಾಗಿ ಹೊಡೆದು ನೋಡಿದೆ. ಎಲ್ಲವೂ ಸರಿಯಿತ್ತು. ಸಹಿ ಹಾಕಿ ಹುಬ್ಬಳ್ಳಿಗೆ ಮರಳಿದೆ.

ಹತ್ತನೇ ದಿನ ಮಧ್ಯಾಹ್ನ ಕಾರ್ಖಾನೆಯಿಂದ ಟ್ರಂಕ್ ಕಾಲ್ ಬಂತು. ಪ್ರೆಸ್ಸಿನಲ್ಲಿ ಒಬ್ಬನ ತೋಳು ಹೋಗಿದೆ, ಆಪರೇಟರನ್ನು ಜನ ಬಡಿದು ಹಾಕಿದ್ದಾರೆ, ಕಂಪ್ಯೂಟರನ್ನೂ ಒಡೆದಿದ್ದಾರೆ ಎಂದರು. ಮುಂದಿನ ವಿವರಗಳನ್ನು ನಾನು ಆಮೇಲೆ ಕಂಡವರಿಂದ ಕೇಳಿದೆ. ಯಾರ ಮಾತಿನಲ್ಲೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ತೋಳು ಕಳೆದುಕೊಂಡವನು ಸಂತಾನ್. ಹಳಿಯಾಳದ ಆಚೆ ಕಾಡಂಚಿನ ಹಳ್ಳಿಯ ಸಿದ್ದಿ ಕ್ರೈಸ್ತರ ಹುಡುಗ, ಇಪ್ಪತ್ತಾರರ ಪ್ರಾಯ. ಅವನ ಹೆಂಡತಿ ರೋಜಿ ಅದೇ ಕಾರ್ಖಾನೆಯಲ್ಲಿ ಮರದ ಪದರ ಒಣಗಿಸುವ ವಿಭಾಗದಲ್ಲಿದ್ದಳು. ಅಣ್ಣ ಬಸ್ತ್ಯಾಂವ ಲಾರಿಗೆ ಮಾಲು ತುಂಬುವವನು. ಆ ದಿನ ನಾಲ್ಕನೇ ಪ್ರೆಸ್ ನಿಂತಿತ್ತು. ತಟ್ಟೆಗೆ ಹತ್ತಿ ಗಟ್ಟಿಯಾದ ಅಂಟನ್ನು ಕೆರೆಯಲು ಸಂತಾನ್ ಒಳಗೆ ಬಲಗೈ ಚಾಚಿದ್ದ. ಹಾಗೆ ಕೈ ಹಾಕುವಾಗ ತಟ್ಟೆಗಳ ನಡುವೆ ಉಕ್ಕಿನ ಆಸರೆ ಕಂಬ ನಿಲ್ಲಿಸಬೇಕೆಂಬ ನಿಯಮವಿತ್ತು. ಕಂಬ ಸೊಟ್ಟಗಾಗಿ ಮೂರು ತಿಂಗಳಿಂದ ವರ್ಕ್‌ಶಾಪಿನಲ್ಲಿ ಬಿದ್ದಿತ್ತು.

ಮೇಲೆ ಕಂಟ್ರೋಲ್ ರೂಮಿನಲ್ಲಿ ಈರಪ್ಪ ಇದ್ದ. ಹಳಿಯಾಳ ತಾಲೂಕಿನ ರೈತರ ಮನೆಯವನು, ಐಟಿಐ ಮುಗಿಸಿದವನು, ಅಲ್ಲಿನ ಆಪರೇಟರುಗಳಲ್ಲಿ ಎಲ್ಲರಿಗಿಂತ ಜಾಣ. ನಾಲ್ಕನೇ ಪ್ರೆಸ್ಸಿನ ತಟ್ಟೆ ಎಷ್ಟು ಕಾದಿದೆ ಎಂದು ನೋಡಲು ಅವನು ಏನೋ ಹೊಡೆದ. ಹನ್ನೊಂದು ಸೆಕೆಂಡಿನಲ್ಲಿ ತಟ್ಟೆಗಳು ಮುಚ್ಚಿದವು.

ಸಂತಾನ್ ಕೂಗಿದ್ದು ಲಾರಿ ನಿಲ್ಲುವ ಜಾಗಕ್ಕೂ ಕೇಳಿಸಿತಂತೆ. ಪಕ್ಕದವನು ಓಡಿ ಕೆಂಪು ಗುಂಡಿ ಒತ್ತಿದ. ಆ ಗುಂಡಿ ಪಂಪನ್ನು ನಿಲ್ಲಿಸುತ್ತದೆ, ಆದರೆ ತಟ್ಟೆಗಳನ್ನು ತೆರೆಯುವುದಿಲ್ಲ. ಒತ್ತಡ ಬಿಡಲು ಪ್ರೆಸ್ಸಿನ ಹಿಂದಿದ್ದ ಕೈ ವಾಲ್ವ್ ತುಕ್ಕು ಹಿಡಿದು ತಿರುಗಲಿಲ್ಲ. ತೋಳು ಮೊಣಕೈಯ ಮೇಲಿನವರೆಗೂ ಉಕ್ಕಿನ ನಡುವೆ ಜಜ್ಜಿ ಸಿಕ್ಕಿಕೊಂಡಿತ್ತು ಮತ್ತು ಬೇಯುತ್ತಿತ್ತು. ಮಾಂಸ ಸುಟ್ಟ ವಾಸನೆ ಆ ಶೆಡ್ಡಿನಲ್ಲಿ ಎರಡು ದಿನ ಹೋಗಿರಲಿಲ್ಲ ಎಂದು ಹಲವರು ಹೇಳಿದರು.

ಬಸ್ತ್ಯಾಂವ ಓಡಿಬಂದ. ತಮ್ಮನನ್ನು ನೋಡಿದ. ಕೆಳಗೆ ಬಿದ್ದಿದ್ದ ಕಬ್ಬಿಣದ ಹಾರೆ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಅವನ ಹಿಂದೆ ಹತ್ತು ಹನ್ನೆರಡು ಜನ. ಈರಪ್ಪ ಆಗ ತಾನೆ ಏಳುತ್ತಿದ್ದ. ಮೊದಲ ಏಟು ದವಡೆಗೆ ಬಿತ್ತು, ಎರಡನೆಯದು ಪರದೆಗೆ. ಗಾಜು ಸಿಡಿಯಿತು. ಈರಪ್ಪ ಮುಖ ಮುಚ್ಚಿಕೊಳ್ಳಲು ಎತ್ತಿದ ಬಲಗೈಯ ಮೂರು ಬೆರಳು ಮುರಿದವು. ಕೆಳಗೆ ಬಿದ್ದವನನ್ನು ಉಳಿದವರು ಬೂಟುಗಾಲಿನಿಂದ ಒದೆದರು. ಒಂದು ಒದೆತ ಎಡಗಣ್ಣಿಗೆ ಬಿತ್ತು.

ಪ್ರೆಸ್ಸನ್ನು ತೆರೆಯಬೇಕಿದ್ದವನು ಅವನೇ ಎಂಬುದು ಆ ಗುಂಪಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ರೋಜಿಗೆ. ಗಂಡನ ಪಕ್ಕ ನಿಂತು ತೆರೆಯಿರಿ, ತೆರೆಯಿರಿ ಎಂದು ಬೇಡುತ್ತಿದ್ದವಳಿಗೆ ಫಿಟ್ಟರ್ ಒಬ್ಬ ಹೇಳಿದ: "ಮ್ಯಾಲಿಂದ ಈರಪ್ಪನ ತೆಗೀಬೇಕವ್ವಾ, ನಮ್ಮ ಕೈಲೆ ಆಗಂಗಿಲ್ಲ." ಅವಳು ಮೇಲಕ್ಕೆ ಓಡಿದಳು. ಬಸ್ತ್ಯಾಂವನ ಕೈಯಲ್ಲಿದ್ದ ಹಾರೆಯನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದಳು.

"ಭಾವಾ, ಅವನ್ನ ಬಿಡ್ರಿ. ಅವ ಸತ್ರ ನಿಮ್ಮ ತಮ್ಮನ್ನ ಹೊರಗ ತೆಗಿಯಾವ್ರು ಯಾರು?"

ಗುಂಪು ಹಿಂದೆ ಸರಿಯಿತು. ರೋಜಿ ಈರಪ್ಪನ ಕಂಕುಳಿಗೆ ಕೈ ಹಾಕಿ ಎತ್ತಿ, ಉಳಿದಿದ್ದ ಎರಡನೇ ಟರ್ಮಿನಲ್ಲಿನ ಮುಂದೆ ಕೂರಿಸಿದಳು. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು, ಇನ್ನೊಂದರಲ್ಲಿ ರಕ್ತ. ಅವಳು ಸೆರಗಿನಿಂದ ಆ ಕಣ್ಣು ಒರೆಸಿದಳು. ಅವನು ಎಡಗೈಯ ಒಂದೇ ಬೆರಳಿನಿಂದ 'ಓಪನ್ ೪' ಎಂದು ಹೊಡೆಯಲು ಹೋದ. ಮೊದಲ ಸಲ ಅಕ್ಷರ ತಪ್ಪಿತು. ಪರದೆ 'ಸಿಂಟ್ಯಾಕ್ಸ್ ಎರರ್', ಅಂದರೆ ಆಜ್ಞೆ ತಪ್ಪಾಗಿದೆ, ಎಂದು ಇಂಗ್ಲಿಷಿನಲ್ಲಿ ಗದರಿಸಿತು. ಎರಡನೇ ಸಲವೂ ತಪ್ಪಿತು. ಮೂರನೇ ಸಲ ಸರಿಯಾಯಿತು. ತಟ್ಟೆಗಳು ಕೆಳಗಿಳಿದವು. ಅಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು.

ಗಾಯಗೊಂಡ ಇಬ್ಬರನ್ನೂ ಒಂದೇ ಲಾರಿಯಲ್ಲಿ ಹುಬ್ಬಳ್ಳಿಗೆ ತಂದರು. ಸಂತಾನನ ತೋಳನ್ನು ಭುಜದ ಹತ್ತಿರ ಕತ್ತರಿಸಬೇಕಾಯಿತು. ಈರಪ್ಪನ ದವಡೆಗೆ ತಂತಿ ಬಿಗಿದರು. ಎಡಗಣ್ಣು ಉಳಿಯಲಿಲ್ಲ.

ಮರುದಿನ ಕಾರ್ಖಾನೆಯ ಮ್ಯಾನೇಜರ್ ನಮ್ಮ ಕಚೇರಿಗೆ ಬಂದರು. ಮೆತ್ತಗಿನ ಮಾತಿನ ಮನುಷ್ಯ. "ನೀವು ಬಂದು ಸಿಸ್ಟಮ್ ನೋಡ್ರಿ. ಆಪರೇಟರ್ ತಪ್ಪು ಹೊಡದಾನ ಅಂತ ಒಂದು ಪುಟ ಬರ್ಕೊಡ್ರಿ, ಸಾಕು. ಸಿಸ್ಟಮ್‌ಗೆ ನೀವೇ ಸಹಿ ಹಾಕೀರಿ, ನಿಮ್ಮ ಹೆಸರೂ ಉಳೀತದ," ಎಂದರು. ಅವರು ನನ್ನನ್ನು ಹೆದರಿಸುತ್ತಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆಂದು ತಿಳಿದಿದ್ದರು. ನನಗೂ ಅದು ಉಪಕಾರದಂತೆಯೇ ಕೇಳಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಹೊರಡುವ ಮೊದಲು ಆಸ್ಪತ್ರೆಗೆ ಹೋದೆ. ಈರಪ್ಪನಿಗೆ ಮಾತಾಡಲು ಆಗುತ್ತಿರಲಿಲ್ಲ. ಕಾಗದ ಕೊಟ್ಟೆ. ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಬರೆದ: "ಎಸ್ ಟಿ ೪ ಹೊಡೆದೆ. ಓಕೆ ಬಂತು. ಟೆಂಪರೇಚರ್ ಬರಲಿಲ್ಲ. ನಿಧಾನ ಐತಿ ಅಂದ್ಕೊಂಡು ಮತ್ತೆ ಹೊಡೆದೆ." ಕಾಗದವನ್ನು ನನ್ನ ಕಡೆ ತಳ್ಳಿ, ಮತ್ತೆ ಎಳೆದುಕೊಂಡು ಇನ್ನೊಂದು ಸಾಲು ಸೇರಿಸಿದ: "ದಿನಾ ಅದನ್ನೇ ಹೊಡೀತೇವಿ."

ಬಸ್ಸಿನಲ್ಲಿ ಕೈಪಿಡಿ ತೆರೆದು ಕೂತೆ. ಕಲಘಟಗಿ ದಾಟುವುದರೊಳಗೆ ವಿಷಯ ತಿಳಿಯಿತು. ಹಳೆಯ ಆವೃತ್ತಿಯಲ್ಲಿ ಪ್ರೆಸ್ಸಿನ ಸ್ಥಿತಿ ನೋಡಲು 'ಸ್ಟೇಟಸ್' ಎಂಬ ಆಜ್ಞೆ ಇತ್ತು. ಪೂರ್ತಿ ಹೊಡೆಯಬೇಕಿಲ್ಲ, ಮೊದಲ ಎರಡು ಅಕ್ಷರ ಎಸ್, ಟಿ ಹೊಡೆದರೆ ಸಾಕು, ಉಳಿದದ್ದನ್ನು ಕಾರಭಾರಿ ಊಹಿಸುತ್ತಿದ್ದ. ಹೊಸ ಆವೃತ್ತಿಯಲ್ಲಿ ಪ್ರೆಸ್ಸನ್ನು ಮುಚ್ಚಿ ಓಡಿಸುವ 'ಸ್ಟಾರ್ಟ್' ಎಂಬ ಹೊಸ ಆಜ್ಞೆ ಸೇರಿಸಿದ್ದರು. ಅದೂ ಎಸ್, ಟಿ ಎಂದೇ ಶುರು. ಹೊಡೆದ ಅಕ್ಷರಗಳಿಗೆ ಎರಡು ಆಜ್ಞೆಗಳು ಹೊಂದಿದರೆ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೊದಲು ಬರುವುದನ್ನು ನಡೆಸು ಎಂಬುದು ಒಳಗಿನ ನಿಯಮ. 'ಸ್ಟಾರ್ಟ್' ಮೊದಲು ಬರುತ್ತದೆ. ನಿನ್ನೆಯವರೆಗೆ 'ಹೇಗಿದ್ದೀ' ಎಂದು ಕೇಳುತ್ತಿದ್ದ ಎರಡಕ್ಷರ ಈಗ 'ಹೊರಡು' ಎನ್ನುತ್ತಿತ್ತು. 'ಖಂಡಿತವೇ?' ಎಂದು ಯಂತ್ರ ಕೇಳುತ್ತಿರಲಿಲ್ಲ. ಓಕೆ ಎಂದು ಸುಮ್ಮನಾಗುತ್ತಿತ್ತು.

ಒಂಬತ್ತು ದಿನ ಯಾರಿಗೂ ಇದು ಗೊತ್ತಾಗದಿರಲು ಕಾರಣವಿತ್ತು. ಓಡುತ್ತಿರುವ ಪ್ರೆಸ್ಸಿಗೆ 'ಸ್ಟಾರ್ಟ್' ಎಂದರೆ, ಈಗಾಗಲೇ ಓಡುತ್ತಿದೆ ಎಂದು ಹೇಳಿ ಅದರ ಸ್ಥಿತಿಯನ್ನೂ ತೋರಿಸುತ್ತಿತ್ತು. ಬೇಕಾದ ಅಂಕಿ ಸಿಗುತ್ತಿದ್ದುದರಿಂದ ಆಪರೇಟರುಗಳಿಗೆ ಅನುಮಾನ ಬರಲಿಲ್ಲ. ನಿಂತ ಪ್ರೆಸ್ಸಿಗೆ ಹೊಡೆದ ದಿನವೇ ಅದು ಬಾಯಿ ಮುಚ್ಚಿತು. ನಾನು ಪರೀಕ್ಷೆ ಮಾಡುವಾಗ ಕೈಪಿಡಿಯಲ್ಲಿದ್ದಂತೆ ಎಲ್ಲ ಆಜ್ಞೆಗಳನ್ನೂ ಪೂರ್ತಿಯಾಗಿ ಹೊಡೆದಿದ್ದೆ. ಅಲ್ಲಿ ಕೆಲಸ ಮಾಡುವವರು ಹೇಗೆ ಹೊಡೆಯುತ್ತಾರೆಂದು ಒಮ್ಮೆಯೂ ಪಕ್ಕದಲ್ಲಿ ಕೂತು ನೋಡಿರಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಎರಡು ಗುಂಪುಗಳಿದ್ದವು. ಈರಪ್ಪನ ಅಣ್ಣತಮ್ಮಂದಿರು, ಭಾವಂದಿರು ಎರಡು ಟ್ರ್ಯಾಕ್ಟರಿನಲ್ಲಿ ಬಂದು, ಬಡಿಗೆ ಹಿಡಿದು ರಸ್ತೆಯ ಆಚೆ ಕೂತಿದ್ದರು. ಅವರಿಗೆ ಬಸ್ತ್ಯಾಂವ ಬೇಕಿತ್ತು. ಒಳಗೆ ಕೆಲಸಗಾರರು ಯಂತ್ರ ಮುಟ್ಟದೆ ಕೂತಿದ್ದರು. ಈರಪ್ಪನ ಹೇಳಿಕೆ ಸಿಗದ ಕಾರಣ ಪೊಲೀಸರು ಇನ್ನೂ ಯಾರನ್ನೂ ಹಿಡಿದಿರಲಿಲ್ಲ. ಇಬ್ಬರು ಪೇದೆಗಳು ಗೇಟಿನ ನೆರಳಿನಲ್ಲಿ ನಿಂತಿದ್ದರು, ಅಷ್ಟೇ.

ಆಜ್ಞೆ ಹೋದರೂ ತಟ್ಟೆಗಳು ಅಲುಗದಂತೆ ಪಂಪಿನ ಸಂಪರ್ಕ ಕಳಚಿಸಿ, ಅದರ ಬೀಗದ ಕೀಲಿಯನ್ನು ಜೇಬಿಗೆ ಹಾಕಿಕೊಂಡು ನಾನು ಪರೀಕ್ಷೆ ಶುರು ಮಾಡಿದೆ. ಇಂಥದ್ದನ್ನು ಮೊದಲು ಮಾಡಿರಲಿಲ್ಲ, ಯಾರಿಂದಲೂ ಕಲಿತಿರಲಿಲ್ಲ. ಮೂರು ಪಾಳಿಯ ಎಂಟು ಆಪರೇಟರುಗಳನ್ನು ಒಬ್ಬೊಬ್ಬರಾಗಿ ಕೂರಿಸಿ ಒಂದೇ ಕೆಲಸ ಹೇಳಿದೆ: "ನಾಲ್ಕನೇ ಪ್ರೆಸ್ ನಿಂತೈತಿ. ಅದರ ಟೆಂಪರೇಚರ್ ನೋಡಿ ಹೇಳ್ರಿ." ನಾನು ಹಿಂದೆ ನಿಂತು ಅವರ ಬೆರಳುಗಳನ್ನಷ್ಟೇ ನೋಡಿದೆ. ಎಂಟರಲ್ಲಿ ಏಳು ಜನ ಎಸ್ ಟಿ ೪ ಹೊಡೆದರು. ಅವರಲ್ಲಿ ಐವರು ಉತ್ತರ ಬಾರದಾಗ ಮತ್ತೆ ಅದನ್ನೇ ಹೊಡೆದರು. ಒಬ್ಬ ಹಿರಿಯ ಆಪರೇಟರಿಗೆ ನಾನು ಈಗ ನೀವು ಪ್ರೆಸ್ ಮುಚ್ಚಿದ್ರಿ ಎಂದು ಹೇಳಿದಾಗ ಅವರು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡರು. ಆಮೇಲೆ ಎಷ್ಟು ಹೇಳಿದರೂ ಆ ಕೈ ಹೊರಗೆ ತರಲಿಲ್ಲ.

ಕೆಳಗೆ ಕೆಲಸಗಾರರ ನಡುವೆ ಸುದ್ದಿ ಬೇರೆಯಾಗಿ ಹಬ್ಬಿತ್ತು. ಹುಬ್ಬಳ್ಳಿ ಸಾಹೇಬ ಬಂದಾನ, ಆಪರೇಟರನ್ನ ಉಳಸ್ತಾನ ಎಂದು. ಮೊದಲ ಕಲ್ಲು ಕಿಟಕಿಗೆ ಬಂತು. ಎರಡನೆಯದು ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರರ ಹಣೆಗೆ ಬಡಿದು ರಕ್ತ ಮೂಗಿನ ಮೇಲೆ ಇಳಿಯಿತು. ಅವರು ಮೇಜಿನ ಕೆಳಗೆ ಕೂತರು. ಮೆಟ್ಟಿಲಿನಲ್ಲಿ ಹೆಜ್ಜೆಗಳ ಸದ್ದು. ಬಾಗಿಲನ್ನು ಒದ್ದು ಒಳಬಂದವನು ಬಸ್ತ್ಯಾಂವ. ಹಿಂದೆ, ಆಸ್ಪತ್ರೆಯಿಂದ ಆಗಷ್ಟೇ ಮರಳಿದ್ದ ರೋಜಿ.

"ಸಾಹೇಬ್ರ, ಏನ್ ಬರದ್ರಿ?" ಎಂದ. ದನಿ ಎತ್ತರವಿರಲಿಲ್ಲ.

ಹೇಳಿ ಪ್ರಯೋಜನವಿಲ್ಲ ಎನ್ನಿಸಿ ಕುರ್ಚಿ ತೋರಿಸಿದೆ. ಅವನು ಕೂರಲಿಲ್ಲ. ರೋಜಿ, "ಕೂಡ್ರಿ ಭಾವಾ, ನೋಡೂಣು," ಎಂದ ಮೇಲೆ ಕೂತ. ಅವನಿಗೆ ಓದಲು ಬರುತ್ತಿರಲಿಲ್ಲ. ಎಸ್, ಟಿ, ೪, ಈ ಮೂರು ಕೀಲಿ ತೋರಿಸಿದೆ. ದಪ್ಪ ಬೆರಳಿನಿಂದ ಒಂದೊಂದಾಗಿ ಒತ್ತಿದ. ಪರದೆಯಲ್ಲಿ ಎರಡಕ್ಷರ ಮೂಡಿತು.

"ಏನ್ ಬಂತಿದು?"

"ಓಕೆ ಅಂತ."

"ಅಂದ್ರ?"

"ಆತು ಅಂತ ಅರ್ಥ."

"ಏನ್ ಆತು?"

ನಾನು ಪರದೆ ನೋಡಿದೆ. ಏನಾಯಿತೆಂದು ಅದರಲ್ಲಿ ಎಲ್ಲೂ ಇರಲಿಲ್ಲ. "ಪಂಪ್ ಚಾಲೂ ಇದ್ದಿದ್ರ ಈಗ ಪ್ರೆಸ್ ಮುಚ್ಚತಿತ್ತು," ಎಂದೆ. "ಈರಪ್ಪ ಟೆಂಪರೇಚರ್ ಕೇಳ್ದ. ಯಂತ್ರ ಮುಚ್ಚು ಅಂತ ತಿಳ್ಕೊಂತು. ಎಂಟು ಮಂದ್ಯಾಗ ಏಳು ಮಂದಿ ಹಿಂಗ ಮಾಡ್ಯಾರ."

"ಏನ್ ಆತು ಅಂತ ಹೇಳದ ಮಷೀನ್ ಯಾರ್ ತಂದ್ರು?" ಬಸ್ತ್ಯಾಂವ ಕೇಳಿದ.

ಮೇಜಿನ ಕೆಳಗಿನಿಂದ ಮ್ಯಾನೇಜರ್ ನನ್ನತ್ತ ನೋಡುತ್ತಿದ್ದರು. ತಯಾರಕರ ಹೆಸರು ಹೇಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಈರಪ್ಪ ಬರೆದ ಕಾಗದ ನನ್ನ ಜೇಬಿನಲ್ಲಿತ್ತು. "ತಂದವರು ಬ್ಯಾರೆ. ಇದು ಸರಿ ಐತಿ ಅಂತ ಸಹಿ ಹಾಕಿದವ ನಾನು," ಎಂದೆ.

ಅವನು ಎದ್ದ. ಅವನ ಕೈ ಬಂದದ್ದು ನನಗೆ ಕಾಣಲಿಲ್ಲ. ಎಡಗಿವಿಯ ಮೇಲೆ ಬಿತ್ತು. ಗೋಡೆಗೆ ಬಡಿದು ಕೆಳಗೆ ಕೂತೆ. ಒಳಗೆ ಏನೋ ಹರಿದು, ಕುತ್ತಿಗೆಯ ಮೇಲೆ ಬೆಚ್ಚಗೆ ಇಳಿಯಿತು. ಎರಡನೇ ಏಟಿಗೆ ಕೈ ಎತ್ತಿದ್ದ. ಯಾರೂ ತಡೆಯಲಿಲ್ಲ, ರೋಜಿಯೂ ತಡೆಯಲಿಲ್ಲ. ಕೈ ತಾನೇ ಇಳಿಯಿತು. ಅವನು ನನ್ನನ್ನು ಬಿಟ್ಟು, ಒಡೆದ ಮೊದಲ ಟರ್ಮಿನಲ್ಲನ್ನೂ ಕೆಳಗೆ ನೆಲದ ಮೇಲಿನ ಕಪ್ಪಾದ ರಕ್ತವನ್ನೂ ನೋಡಿದ. ಅದು ಈರಪ್ಪನ ರಕ್ತ, ಯಾರೂ ತೊಳೆದಿರಲಿಲ್ಲ.

"ಅವನ ಕಣ್ಣು?" ಎಂದು ರೋಜಿಯನ್ನು ಕೇಳಿದ.

"ಹೋತು," ಎಂದಳು.

ಅವನು ಮೆಟ್ಟಿಲಿಳಿದು ಹೋದ. ಶೆಡ್ಡಿಗೆ ಹೋಗುತ್ತಾನೆಂದುಕೊಂಡೆವು. ನೇರವಾಗಿ ಗೇಟು ದಾಟಿ, ರಸ್ತೆಯ ಆಚೆಗಿದ್ದ ಟ್ರ್ಯಾಕ್ಟರುಗಳ ಕಡೆ ನಡೆದ. ಕೈಯಲ್ಲಿ ಏನೂ ಇರಲಿಲ್ಲ. ಕಿಟಕಿಯಿಂದ ನಾನು ನೋಡಿದೆ. ಅವರ ಮುಂದೆ ನಿಂತು ಏನೋ ಹೇಳಿದ. ಏನು ಹೇಳಿದನೆಂದು ಆಮೇಲೆ ಈರಪ್ಪನ ಭಾವನೇ ನನಗೆ ತಿಳಿಸಿದ: "ತಪ್ಪಿಲ್ಲದವನ್ನ ಹೊಡದೀನಿ, ನಾನು ಬಸ್ತ್ಯಾಂವ."

ಮಾತು ಮುಗಿಯುವ ಮೊದಲೇ ಬಡಿಗೆಗಳು ಬಿದ್ದವು. ಮೂರು ಜನ, ಆಮೇಲೆ ಆರು ಜನ. ಅವನು ತಲೆಯನ್ನಷ್ಟೇ ಮುಚ್ಚಿಕೊಂಡ, ಕೈ ಎತ್ತಲಿಲ್ಲ. ಕೊರಳೆಲುಬು ಮುರಿಯಿತು, ಎರಡು ಪಕ್ಕೆಲುಬು ಮುರಿದವು. ಒಳಗಿನಿಂದ ಕೆಲಸಗಾರರು ಸಿಕ್ಕಿದ್ದನ್ನು ಹಿಡಿದು ಗೇಟಿಗೆ ನುಗ್ಗಿದರು. ಅವರ ಮುಂದೆ ಓಡಿ ರೋಜಿ ಗೇಟಿನ ಸರಪಳಿ ಎಳೆದು, ಬೆನ್ನು ಕೊಟ್ಟು ನಿಂತಳು. "ಇನ್ನ ಯಾರೂ ಹೋಗಬ್ಯಾಡ್ರಿ. ದವಾಖಾನ್ಯಾಗ ಜಾಗಾ ಇಲ್ಲ," ಎಂದಳು. ಅವಳನ್ನು ತಳ್ಳಿ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಪೇದೆಗಳೂ ಎಚ್ಚೆತ್ತರು. ಈರಪ್ಪನ ಕಡೆಯ ಹಿರಿಯನೊಬ್ಬ ಬಡಿಗೆ ಕಸಿದುಕೊಂಡು ತನ್ನವರನ್ನೇ ಬೈದು ಟ್ರ್ಯಾಕ್ಟರು ಹತ್ತಿಸಿದ. ಅಲ್ಲಿಗೆ ಆ ದಿನದ ಹೊಡೆದಾಟ ನಿಂತಿತು.

ನನ್ನ ವರದಿ ಒಂದು ಪುಟದ್ದಾಗಲಿಲ್ಲ, ಹದಿನಾಲ್ಕು ಪುಟವಾಯಿತು. ಎರಡು ಆಜ್ಞೆಗಳು ಒಂದೇ ಅಕ್ಷರಗಳಿಂದ ಶುರುವಾದರೆ ಯಂತ್ರ ಊಹಿಸಬಾರದು, ಕೇಳಬೇಕು ಎಂದು ಬರೆದೆ. ಯಂತ್ರವನ್ನು ಚಲಾಯಿಸುವ ಆಜ್ಞೆಗೆ ಮರುಪ್ರಶ್ನೆ ಇರಬೇಕು, ಏನು ನಡೆಯಿತೆಂದು ಪರದೆ ಪೂರ್ತಿ ವಾಕ್ಯದಲ್ಲಿ ಹೇಳಬೇಕು ಎಂದು ಬರೆದೆ. ಆಸರೆ ಕಂಬವನ್ನೂ ತುಕ್ಕು ಹಿಡಿದ ವಾಲ್ವನ್ನೂ ಬಿಡಲಿಲ್ಲ. ಪ್ರಮಾಣಪತ್ರ ಕೊಡುವಾಗ ಪರೀಕ್ಷಕನು ಬಳಸುವವರನ್ನು ನೋಡಿಯೇ ಇರಲಿಲ್ಲ ಎಂಬ ಸಾಲನ್ನು ಕೊನೆಯ ಪುಟದಲ್ಲಿ ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಮ್ಯಾನೇಜರ್ ಅದನ್ನು ತೆಗೆದುಕೊಳ್ಳಲಿಲ್ಲ. ಅಂಚೆಯಲ್ಲಿ ಕಾರ್ಖಾನೆಗಳ ಇನ್ಸ್‌ಪೆಕ್ಟರರಿಗೂ ಪೊಲೀಸರಿಗೂ ಪ್ರತಿ ಕಳಿಸಿದೆ. ನಮ್ಮ ಕಚೇರಿ ನನ್ನನ್ನು ಆರು ತಿಂಗಳು ಸ್ಟೋರ್ಸ್ ವಿಭಾಗಕ್ಕೆ ಹಾಕಿತು. ಅದು ಅನ್ಯಾಯವೆಂದು ನನಗೆ ಅನಿಸಲಿಲ್ಲ.

ಈರಪ್ಪನ ಮೇಲಿನ ನಿರ್ಲಕ್ಷ್ಯದ ಆರೋಪ ಬಿದ್ದುಹೋಯಿತು. ಬಸ್ತ್ಯಾಂವನಿಗೂ, ಅವನನ್ನು ಬಡಿದವರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ಸಂತಾನ್ ಊರಿಗೆ ಮರಳಿ ಎಡಗೈಯಲ್ಲಿ ಕೆಲಸ ಕಲಿತ. ತಯಾರಕರು ಮುಂದಿನ ಆವೃತ್ತಿಯಲ್ಲಿ 'ಸ್ಟಾರ್ಟ್' ಆಜ್ಞೆಯ ಹೆಸರು ಬದಲಿಸಿದರು. ಕಾರಣ ಏನೆಂದು ಕೈಪಿಡಿಯಲ್ಲಿ ಬರೆಯಲಿಲ್ಲ.

ವರ್ಷದ ಮೇಲೆ ಹಳಿಯಾಳಕ್ಕೆ ಹೋದಾಗ ಈರಪ್ಪನ ಮನೆಗೆ ಹೋದೆ. ದವಡೆ ಕೂಡಿತ್ತು, ಮಾತು ಸ್ವಲ್ಪ ತೊದಲುತ್ತಿತ್ತು. ಅವನು ಮತ್ತೆ ಕೀಲಿಮಣೆ ಮುಟ್ಟಿರಲಿಲ್ಲ, ಹಿಟ್ಟಿನ ಗಿರಣಿ ನಡೆಸುತ್ತಿದ್ದ. "ಎಲ್ಲಾರೂ ನೀ ತಪ್ಪು ಮಾಡಿಲ್ಲ ಅಂತಾರ್ರಿ," ಎಂದ. "ಆದ್ರ ಹೊಡದದ್ದು ಈ ಬೆರಳ ಅಲ್ರಿ?" ಅವನ ಹೆಂಡತಿ ಚಹಾ ತಂದಳು, ಕುಡಿದು ಎದ್ದೆ.

ಆಮೇಲೆ ಹದಿನೆಂಟು ವರ್ಷ ಅದೇ ವೃತ್ತಿಯಲ್ಲಿದ್ದೆ. ಎಡಗಿವಿ ಪೂರ್ತಿ ಕೇಳಿಸದ ಕಾರಣ ಸಭೆಗಳಲ್ಲಿ ಬಲಗಿವಿಯನ್ನು ಮಾತಾಡುವವರ ಕಡೆ ತಿರುಗಿಸಿ ಕೂರುತ್ತಿದ್ದೆ. ಯಾವ ಸಿಸ್ಟಮ್ ಬಂದರೂ ಕೈಪಿಡಿಯನ್ನು ಕೊನೆಗೆ ಓದುತ್ತಿದ್ದೆ. ಮೊದಲು ಪಾಳಿಯ ನಡುವೆ, ಗದ್ದಲದಲ್ಲಿ, ದಣಿದ ಆಪರೇಟರಿನ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಕೂತು ಅವನ ಬೆರಳು ನೋಡುತ್ತಿದ್ದೆ. ಅವನು ತಪ್ಪು ಹೊಡೆದರೆ ಅವನನ್ನು ತಿದ್ದುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದೆ. ಜನ ತಪ್ಪು ಮಾಡುವ ಜಾಗವನ್ನು ಯಂತ್ರ ಮಾಡಿದವರು ಮೊದಲೇ ಕಂಡುಹಿಡಿಯಬೇಕು, ಕಂಡುಹಿಡಿಯದೆ ಸಹಿ ಹಾಕಿದರೆ ಆ ತಪ್ಪಿನಲ್ಲಿ ಸಹಿ ಹಾಕಿದವನದೇ ದೊಡ್ಡ ಪಾಲು. ಇದನ್ನು ಯಾವ ಕಾಲೇಜಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟವನು ಓದಲು ಬಾರದ ಒಬ್ಬ ಹಮಾಲ. ಇಂದಿಗೂ ಯಾವುದೇ ಪರದೆ 'ಓಕೆ' ಎಂದರೆ, ಬೆರಳು ಮುಂದಕ್ಕೆ ಒಯ್ಯುವ ಮೊದಲು ನಾನು ಅವನ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತೇನೆ: ಏನು ಆಯಿತು?